ಹೊಂಡ ಬಂದಲ್ಲಿ ಒಂದು ಎಲೆ

ವರ್ಕಾಡಿಯ ರಸೀನಾ ಬೀಡಿ ಕಟ್ಟುತ್ತಾಳೆ. ಕಟ್ಟಿದ್ದನ್ನು ವಾರಕ್ಕೆರಡು ಸಲ ಬಸ್ಸಿನಲ್ಲಿ ಹೊಸಂಗಡಿಗೆ ಒಯ್ಯುತ್ತಾಳೆ. 2012ರಲ್ಲಿ ಆ ಚೀಲದಲ್ಲಿ ಬೀಡಿಯ ಜೊತೆ ಮದರಂಗಿಯ ಕೋನುಗಳೂ ಪ್ರಯಾಣ ಮಾಡತೊಡಗಿದವು.

ಅವಳು ಚಂದ ಮದರಂಗಿ ಹಾಕುತ್ತಾಳೆಂದು ನೆರೆಯ ನಾಲ್ಕು ಮನೆಗಳಿಗೆ ಮಾತ್ರ ಗೊತ್ತಿತ್ತು. ಬೋರ್ಡು ಹಾಕಲು ಅಂಗಡಿಯಿರಲಿಲ್ಲ. ಮದುವೆಯಾಗುವ ಹುಡುಗಿಯರ ಕೈಗಳೆಲ್ಲ ಮಂಗಳೂರಿನ ಪಾರ್ಲರುಗಳ ಪಾಲಾಗುತ್ತಿದ್ದವು. ರಸೀನಾಳಿಗೆ ಬೇಕಾದದ್ದು ಒಬ್ಬಳೇ ಒಬ್ಬಳು ಮದುಮಗಳು. ಒಂದು ಮದುವೆಮನೆಯ ಹೆಂಗಸರು ನೋಡಿದರೆ ಸಾಕು, ಉಳಿದ ಮದುವೆಗಳು ತಾವಾಗಿ ಬರುತ್ತವೆ. ಹಾಗಾಗಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳತೊಡಗಿದಳು: "ಒಂದು ಕೈ ಕೊಡಿ, ಧರ್ಮಕ್ಕೆ ಹಾಕ್ತೇನೆ."

ಒಂದೇ ಕೈ. ಇನ್ನೊಂದು ಕೈ ಕಂಬಿ ಹಿಡಿಯಬೇಕಲ್ಲ.

ಮಣಿಕಟ್ಟಿನ ಮೇಲೆ ತನ್ನ ಫೋನ್ ನಂಬರನ್ನೂ ಬರೆಯುತ್ತಿದ್ದಳು. ಹತ್ತು ದಿನ ಕಳೆದುಹೋಗದ ವಿಸಿಟಿಂಗ್ ಕಾರ್ಡು. ಒಮ್ಮೆ ಬಸ್ಸು ಹಾರಿ ಒಂದು ಅಂಕಿ ಬದಲಾಗಿ, ಮೀಂಜದ ಕೊಬ್ಬರಿ ವ್ಯಾಪಾರಿ ಸುಬ್ಬರಾಯರು ವಾರವಿಡೀ "ಇಲ್ಲಿ ಕೊಬ್ಬರಿ ಉಂಟು, ಮದರಂಗಿ ಇಲ್ಲ ಮಾರಾಯ್ತಿ" ಎಂದು ಉತ್ತರಿಸಬೇಕಾಯಿತು. ಅಂದಿನಿಂದ ಬಸ್ಸು ನಿಂತಾಗ ಮಾತ್ರ ಅಂಕಿ.

ಅಂಗೈಯ ಮೇಲೆ ಬಿಡಿಸುವ ಬಳ್ಳಿಗೆ ಆ ನಿಯಮವಿರಲಿಲ್ಲ. ದಾರಿಯಲ್ಲಿ ಮೂರು ದೊಡ್ಡ ಹೊಂಡಗಳಿದ್ದವು: ಮೋರಿಯ ಹತ್ತಿರ, ಶಾಲೆಯ ತಿರುವಿನಲ್ಲಿ, ಪೇಟೆ ಮುಟ್ಟುವ ಮೊದಲು. ಬಸ್ಸು ಜಿಗಿದರೆ ಗೆರೆಯೂ ಜಿಗಿಯುತ್ತಿತ್ತು. ಜಿಗಿದ ಗೆರೆಯನ್ನು ರಸೀನಾ ಎಲೆಯಾಗಿ ತಿರುಗಿಸುತ್ತಿದ್ದಳು. "ಇದು ಮೋರಿಯದ್ದು, ಇದು ಶಾಲೆಯದ್ದು" ಎಂದು ಹೆಂಗಸರು ಅಂಗೈ ತೋರಿಸಿ ನಗುತ್ತಿದ್ದರು.

ಕೊನೆಗೂ ಒಬ್ಬಳು ಮದುಮಗಳು ಕರೆದಳು, ಬಟ್ಟೆ ವ್ಯಾಪಾರಿಯ ಮಗಳು ಹಿಬಾ. ಅವಳ ಮನೆಯ ಮೆತ್ತೆಯ ಮೇಲೆ ಕೂತು ರಸೀನಾ ಮೊದಲು ಕಾಗದದಲ್ಲಿ ಬಿಡಿಸಿ ತೋರಿಸಿದಳು. ಸ್ಕೇಲಿಟ್ಟು ಎಳೆದಂಥ ಬಳ್ಳಿ.

"ಇದೆಂತ, ಪಾರ್ಲರಿನದ್ದೇ!" ಎಂದಳು ಹಿಬಾ. "ನಂಗೆ ಬಸ್ಸಿನದ್ದು ಬೇಕು. ನಾನೇ ಬಸ್ಸಿಗೆ ಬರ್ತೇನೆ."

ಹಿಬಾಳ ಅಜ್ಜಿ ಜೈನಬಾ ಒಂದೇ ಷರತ್ತು ಹಾಕಿದರು: "ಎರಡು ಕೈಯೂ ಜೋಡಿ ಆಗ್ಬೇಕು. ಆಗದಿದ್ರೆ ಮದುವೆಮನೆಯಲ್ಲಿ ನಿನ್ನ ಹೆಸರು ನಾನೇ ಹಾಳು ಮಾಡ್ತೇನೆ."

ರಸೀನಾ ಅದುವರೆಗೆ ಯಾರಿಗೂ ಬಸ್ಸಿನಲ್ಲಿ ಎರಡು ಕೈ ಹಾಕಿದ್ದಿಲ್ಲ.

ಮದುವೆಗೆ ಎರಡು ದಿನವಿರುವಾಗ ಮೂವರೂ ಬೆಳಗಿನ ಬಸ್ಸು ಹತ್ತಿದರು. ಹೊಸಂಗಡಿ ಮುಟ್ಟುವಾಗ ಎಡಗೈ ಮುಗಿದಿತ್ತು: ಬುಡದಲ್ಲಿ ಮೋರಿ, ನಡುವೆ ಶಾಲೆ, ಬೆರಳಲ್ಲಿ ಪೇಟೆ. ಹಿಂದಿರುಗುವಾಗ ರಸೀನಾ ಬಲಗೈಯನ್ನು ಬೆರಳ ತುದಿಯಿಂದ ಶುರುಮಾಡಿದಳು.

"ತಲೆಕೆಳಗಾಯ್ತಲ್ಲ ಹುಡುಗಿ!" ಅಜ್ಜಿ ಕೂಗಿದರು.

"ಹೊಂಡಗಳು ಈಗ ತಲೆಕೆಳಗಾಗಿಯೇ ಬರುವುದಲ್ವಾ ಅಜ್ಜಿ?"

ಪೇಟೆಯ ಹೊಂಡ ಬಂತು, ಬೆರಳಲ್ಲಿ ಎಲೆ ಕೂತಿತು. ಶಾಲೆಯ ತಿರುವು ಬಂತು, ಅಂಗೈ ನಡುವೆ ಇನ್ನೊಂದು. ಉಳಿದದ್ದು ಮೋರಿ. ಇಡೀ ಬಸ್ಸು ಕಂಬಿ ಬಿಟ್ಟು ಬಗ್ಗಿ ನೋಡುತ್ತಿತ್ತು. ಒಳಗೆ ಮದುಮಗಳಿದ್ದಾಳೆಂದು ಚಾಲಕ ಹರಿನಾರಾಯಣ ಜೀವಮಾನದಲ್ಲಿ ಮೊದಲ ಬಾರಿಗೆ ವೇಗ ತಗ್ಗಿಸಿ, ಹೊಂಡವನ್ನು ನಾಜೂಕಾಗಿ ತಪ್ಪಿಸಿಕೊಂಡು ಹೋದ.

"ಅಯ್ಯೋ, ಎಂತ ಮಾಡಿದೆ ಮಾರಾಯ!"

"ಹೊಂಡಕ್ಕೆ ಹಾಕು! ಹಿಂದೆ ತೆಗಿ!"

"ನಿತ್ಯ ಬೇಡ ಅಂದ್ರೂ ಹಾಕ್ತಿ, ಇವತ್ತು ನಿಂಗೆ ಎಂತ ಬಂತು?"

ಕಂಡಕ್ಟರ್ ಲೋಕನಾಥ ಬಾಗಿಲಲ್ಲಿ ಜೋತು ಸೀಟಿ ಊದಿದ. ಬಸ್ಸು ಹಿಂದೆ ಸರಿಯಿತು, ಗೇರು ಬದಲಾಯಿಸಿತು, ಮುಂದಿನ ಚಕ್ರವನ್ನು ನೇರ ಹೊಂಡದಲ್ಲಿ ಇಳಿಸಿತು. ಇಪ್ಪತ್ತು ತಲೆಗಳು ಹಾರಿದವು. ಕೋನೂ ಹಾರಿತು.

ರಸೀನಾ ಆ ಗೆರೆಯನ್ನು ಬಾಗಿಸಿ, ತುದಿ ಚೂಪು ಮಾಡಿ ಕೈ ಬಿಟ್ಟಳು. ಹಿಬಾ ಎರಡು ಅಂಗೈಗಳನ್ನೂ ಪಕ್ಕಪಕ್ಕ ಹಿಡಿದಳು. ಎಲೆಗೆ ಎಲೆ ಎದುರಾಗಿತ್ತು.

ಜೈನಬಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಸುಕ್ಕುಗಟ್ಟಿದ ಎಡಗೈ ಮುಂದೆ ಚಾಚಿ, ಚಾಲಕನತ್ತ ತಿರುಗಿ ಕೇಳಿದರು: "ಹೊಸಂಗಡಿಗೆ ಮುಂದಿನ ಟ್ರಿಪ್ಪು ಎಷ್ಟು ಗಂಟೆಗೆ?"