ಬಿಟಿಎಂನಿಂದ ಬನಶಂಕರಿಗೆ, ಓಡದ ಬ್ಯಾಟರಿ ಗಾಡಿಯ ಜೊತೆ

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ನಿಲ್ದಾಣದಲ್ಲಿ ಬಿಟಿಎಂ ಲೇಔಟಿನ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಐದು ರೂಪಾಯಿ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಚಳಿ ಬಿಟ್ಟಿರಲಿಲ್ಲ, ಕಂಡಕ್ಟರ್ ಮಫ್ಲರ್ ಸುತ್ತಿಕೊಂಡೇ ಟಿಕೆಟ್ ಹರಿಯುತ್ತಿದ್ದ. ಇಷ್ಟು ಹತ್ತಿರದ ಓಡಾಟವನ್ನು ಪ್ರವಾಸ ಅನ್ನುತ್ತೀಯಾ ಎಂದು ನಗುವವರು ನಗಲಿ. ಮದುವೆಯಾದ ಮೇಲೆ ಮನೆಯವರನ್ನು ಕೇಳದೆ ನಾನು ಹೊರಟದ್ದು ಅದೇ ಮೊದಲು.

ಜೆ.ಪಿ. ನಗರದ ಮನೆಗಳಿಗೆ ಹೋಗಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ಮಂಡಿನೋವು ಶುರುವಾದ ಮೇಲೆ ಬಸ್‌ಸ್ಟಾಪಿನಿಂದ ನಡೆಯುವುದು ಆಗದೆ, ಯಜಮಾನರ ಸ್ಕೂಟರಿನ ಹಿಂದಿನ ಸೀಟೇ ಗತಿಯಾಯಿತು. ಅವರು ಇಲ್ಲ ಅಂದವರಲ್ಲ. "ಇವತ್ತೇ ಹೋಗ್ಬೇಕಾ?" ಎಂದು ಕೇಳುತ್ತಾರೆ, ಅಷ್ಟೇ. ಆ ಪ್ರಶ್ನೆ ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ಸುತ್ತಿಸುವಾಗ ಪ್ರತಿ ಸಲವೂ ಕಾಲು ಊರಿ ಫೇಲಾದವಳು ನಾನು. ಮೆಲ್ಲಗೆ ಓಡುವ ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ ಎಂದು ಗೊತ್ತಾಗಿತ್ತು. ಹಿಟ್ಟಿನ ಮಿಲ್ಲಿನ ಗೋಡೆಯಲ್ಲಿ ಒಂದು ಚೀಟಿ ಕಂಡಿತು: ಹಳೇ ಬ್ಯಾಟರಿ ಗಾಡಿ ಮಾರಾಟಕ್ಕಿದೆ, ಓಡುವುದಿಲ್ಲ. ಓಡಿಸಲು ಸಾಧ್ಯವಾದರೆ ಸಂಜೆ ನಾನೇ ಅದರ ಮೇಲೆ ಮನೆಗೆ ಬರಬೇಕು, ಆಗದಿದ್ದರೆ ಮತ್ತೆ ಹಿಂದಿನ ಸೀಟು. ಹೀಗೆಂದುಕೊಂಡೇ ಹೊರಟಿದ್ದೆ.

ಬಿಟಿಎಂನಲ್ಲಿ ಗಾಡಿ ಒಂದು ಬಾಡಿಗೆ ಕಟ್ಟಡದ ಕೆಳಗೆ, ಕಂಬದ ಪಕ್ಕ ಧೂಳು ತಿನ್ನುತ್ತಿತ್ತು. ಮಾರುತ್ತಿದ್ದಾಕೆ ಮಹಾದೇವಿ, ಗದಗದ ಕಡೆಯವರು, ಯಾವುದೋ ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಗಾಡಿಯ ಎರಡೂ ಬದಿಯಲ್ಲಿ ಕಂಪನಿಯ ಹೆಸರಿದ್ದ ಜಾಗವನ್ನು ಪೂರ್ತಿ ಮುಚ್ಚುವಂತೆ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂಬ ಸ್ಟಿಕ್ಕರ್ ಅಂಟಿಸಿದ್ದರು.

"ಯಾವ ಕಂಪನಿದು?" ಎಂದೆ.

"ಗೊತ್ತಿಲ್ಲ್ರಿ. ನಾವೂ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಆ ಶೋರೂಮಿದ್ದಲ್ಲಿ ಈಗ ಮೊಬೈಲ್ ಅಂಗಡಿ ಆಗೇದ. ಚಾರ್ಜರ್ ಹಚ್ಚಿದ್ರ ಹಸಿರು ದೀಪ ಬರ್ತದ, ಅಂದ್ರ ಹೊಟ್ಟಿ ತುಂಬೇದ. ಆದ್ರ ಕೀಲಿ ತಿರುವಿದ್ರ ಮಿಸುಕಂಗಿಲ್ಲ. ದಸರಾ ಆದ ಮ್ಯಾಲಿಂದ ಹಿಂಗ. ಮೋಟರ್ ಸುಟ್ಟದ ಅಂತಾರ."

"ಈಗ ಆಫೀಸಿಗೆ ಹೇಗೆ ಹೋಗ್ತೀರಿ?"

"ಯಜಮಾನ್ರು ಬೈಕ್ ತೊಗೊಂಡ್ರು. ಅವರ ಬಿಡ್ತಾರ್ರಿ."

ಆ ಧಾಟಿ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಚೌಕಾಶಿ ಮಾಡದೆ ಕೇಳಿದ ಬೆಲೆ ಕೊಟ್ಟು, ಮುನಿರಾಜು ಎಂಬುವನ ಲಗೇಜ್ ಆಟೋ ಕರೆಸಿ ಗಾಡಿ ಏರಿಸಿದೆ. ಮುನಿರಾಜು ಸುತ್ತಲೂ ಬಗ್ಗಿ ನೋಡಿ, "ಅಕ್ಕ, ಇದ್ರಲ್ಲಿ ಎಂಜಿನ್ನೇ ಇಲ್ವಲ್ಲ, ಯಾರೋ ಬಿಚ್ಕೊಂಡವ್ರೆ!" ಎಂದ. ಇದಕ್ಕೆ ಮೋಟರ್ ಚಕ್ರದೊಳಗೇ ಇರುತ್ತದೆ ಎಂದರೂ ದಾರಿಯುದ್ದಕ್ಕೂ ಅವನಿಗೆ ನಂಬಿಕೆ ಬರಲಿಲ್ಲ.

ಜೆ.ಪಿ. ನಗರದ ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತಲೇ, "ಕರೆಂಟ್ ಗಾಡಿ ಮುಟ್ಟಲ್ಲ ಮೇಡಂ. ಯಾವ ಕಂಪನಿ ಅಂತ ತಿಳ್ಕೊಂಡು ಅವರ ಹತ್ರಾನೇ ಹೋಗಿ," ಎಂದು ಸಾಗಹಾಕಿದ. ಪಕ್ಕದ ದರ್ಶಿನಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಚಟ್ನಿ ನೀರಾಗಿತ್ತು, ಕಾಫಿ ಪರವಾಗಿಲ್ಲ. ಸ್ಟಿಕ್ಕರ್ ಕಿತ್ತರೆ ಹೆಸರು ಸಿಗುತ್ತದಲ್ಲ ಎಂದು ಮುನಿರಾಜುವಿಗೆ ಹೇಳಿದೆ. "ದೇವರ ಹೆಸರಕ್ಕ, ಉಗುರು ಹಾಕಬಾರದು. ನೀವೇ ಕಿತ್ಕೊಳ್ಳಿ," ಎಂದ. ನನಗೂ ಕೈ ಬರಲಿಲ್ಲ.

ಬನಶಂಕರಿಯಲ್ಲಿ ಯುಪಿಎಸ್ ಬ್ಯಾಟರಿ ಮಾರುವ ಶಫಿ ಎಂಬುವರ ಅಂಗಡಿ ಮುನಿರಾಜುವಿಗೆ ಗೊತ್ತಿತ್ತು. ನನ್ನನ್ನೂ ಗಾಡಿಯನ್ನೂ ಅಲ್ಲಿಳಿಸಿ ಅವನು ಬೇರೆ ಬಾಡಿಗೆಗೆ ಹೋದ. ಶಫಿಗೂ ಸ್ಟಿಕ್ಕರ್ ತೋರಿಸಿದೆ. "ನಾನಂತೂ ಕೀಳಲ್ಲ ಮೇಡಂ," ಎಂದು ನಕ್ಕು, ಸೀಟಿನ ಕೆಳಗೆ ಬಗ್ಗಿದರು. "ಹೆಸರೇ ಬೇಡ. ಚಾರ್ಜಿಂಗ್ ಸಾಕೆಟ್ ನೋಡಿ, ಕಂಪ್ಯೂಟರ್ ವೈರ್ ತರ ಮೂರು ಪಿನ್ನು. ಚೈನಾ ಮಾಲು ತಂದು ಇಲ್ಲೇ ಜೋಡಿಸಿದ್ದು. ಬೇರೆ ಬೇರೆ ಹೆಸರಲ್ಲಿ ಮಾರಿದ್ರು, ಒಳಗೆಲ್ಲ ಒಂದೇ."

ಅಂಗಡಿಯ ನಾಲ್ಕು ಬ್ಯಾಟರಿ ತಾತ್ಕಾಲಿಕವಾಗಿ ಸೇರಿಸಿ ಕೀಲಿ ತಿರುಗಿಸಿದಾಗ ಹಿಂದಿನ ಚಕ್ರ ಗಿರ್ರನೆ ತಿರುಗಿತು. ಮೋಟರ್ ಸುಟ್ಟಿರಲಿಲ್ಲ. ಗಾಡಿಯ ಸ್ವಂತ ಬ್ಯಾಟರಿಗಳು ಪೂರ್ತಿ ಖಾಲಿಯಾಗಿದ್ದವು. ಅವನ್ನು ಹಾಕಿ, ಗಾಡಿಯ ಜೊತೆ ಕೊಟ್ಟಿದ್ದ ಚಾರ್ಜರ್ ಚುಚ್ಚಿದರೆ ಮತ್ತೆ ಅದೇ ಹಸಿರು ದೀಪ. "ಕರೆಂಟ್ ಒಳಗೆ ಹೋಗ್ತಾನೇ ಇಲ್ಲ, ಅದಕ್ಕೇ ಹಸಿರು," ಎಂದು ಶಫಿ ಟಾರ್ಚ್ ಬಿಟ್ಟರು. "ತುಕ್ಕು ಹಿಡಿದಿದೆ ಅನ್ಸತ್ತೆ. ಸಾಕೆಟ್ಟೇ ಬದಲಾಯಿಸ್ಬೇಕು. ಆದ್ರೆ ಅದು ಇವತ್ತು ನನ್ನ ಹತ್ರ ಇಲ್ಲ."

ನಾನೂ ಬಗ್ಗಿ ನೋಡಿದೆ. ಸಾಕೆಟ್ಟಿನೊಳಗೆ ಬಿಳಿ, ಕೆಂಪು ಏನೋ ಮೆತ್ತಿತ್ತು. ತುಕ್ಕಿಗೆ ಆ ಬಣ್ಣವಿಲ್ಲ, ಗಂಧದ ವಾಸನೆಯಂತೂ ಇಲ್ಲವೇ ಇಲ್ಲ. ಪ್ರತಿ ಶುಕ್ರವಾರ ದೀಪದ ಕಂಬಕ್ಕೆ ಅಂಟಿದ ಕುಂಕುಮ ಕೆರೆಯುವ ಕೈಗೆ ಇದು ಹೊಸದಲ್ಲ. ಶಫಿ ಚಾರ್ಜರ್ ಕಿತ್ತು, ಬ್ಯಾಟರಿಯ ವೈರುಗಳನ್ನು ಬಿಚ್ಚಿದ ಮೇಲೆ, ತಲೆಯ ಪಿನ್ನು ತೆಗೆದು ಕೆರೆದೆ. ವಿಭೂತಿ, ಗಂಧ, ಕುಂಕುಮ ಗಟ್ಟಿಯಾಗಿ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಆಯುಧಪೂಜೆಗೆ ನಾನೂ ಗ್ರೈಂಡರಿಗೆ ಕುಂಕುಮ ಇಡುವವಳೇ, ಆದರೆ ಹೊರಗಿನಿಂದ. ವೈರುಗಳನ್ನು ಮತ್ತೆ ಸೇರಿಸಿ ಚುಚ್ಚಿದಾಗ ಚಾರ್ಜರ್ ಈ ಸಲ ಬುಡದವರೆಗೂ ಇಳಿಯಿತು. ಕೆಂಪು ದೀಪ ಹತ್ತಿತು, ಅಂದರೆ ಕರೆಂಟ್ ಒಳಗೆ ಹೋಗುತ್ತಿದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಗುರುತಿಲ್ಲದ ಅಂಗಡಿಯಲ್ಲಿ ನಿಂತು ಜೋರಾಗಿ ನಕ್ಕುಬಿಟ್ಟೆ.

ಸೋತಿದ್ದ ಒಂದು ಬ್ಯಾಟರಿಯನ್ನು ಬದಲಾಯಿಸಿ, ಮಧ್ಯಾಹ್ನವೆಲ್ಲ ಚಾರ್ಜ್ ಮಾಡಿ, ಇಳಿಬಿಸಿಲಲ್ಲಿ ಗಾಡಿ ಕೈಗೆ ಕೊಟ್ಟರು. ಏರು ಹತ್ತಿಸಬೇಡಿ, ಹದಿನೈದು ಕಿಲೋಮೀಟರಿಗೆ ಮೋಸವಿಲ್ಲ ಎಂದರು. ಸದ್ದೇ ಇಲ್ಲದ ಗಾಡಿ. ಹಸುಗಳಿರಲಿ, ಮನುಷ್ಯರೂ ದಾರಿ ಬಿಡುವುದಿಲ್ಲ. ಹಾರನ್ ಒತ್ತಿದರೆ ಜನ ತಿರುಗಿ, ಈ ಹೆಂಗಸು ಎಲ್ಲಿಂದ ಬಂದಳು ಎಂಬಂತೆ ನೋಡುತ್ತಿದ್ದರು.

ನೆಟ್ಟಗೆ ಜಯನಗರಕ್ಕೆ ತಿರುಗಿದ್ದರೆ ಆಗಿತ್ತು, ಗಾಡಿ ನನ್ನದು. ಆದರೆ ಸತ್ತುಹೋಯಿತೆಂದು ಮಹಾದೇವಿ ಮಾರಿದ ಗಾಡಿ ಸತ್ತಿರಲಿಲ್ಲ. ಹೇಳದೆ ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ, ಹೇಳಿದರೆ ವಾಪಸ್ ಕೇಳುತ್ತಾರೇನೋ ಎಂದು ಭಯ. ಆದರೂ ಬಿಟಿಎಂಗೆ ಹೋದೆ.

ಸಂಗತಿ ಕೇಳಿ ಮಹಾದೇವಿ ಗಲ್ಲಕ್ಕೆ ಕೈ ಹಚ್ಚಿಕೊಂಡರು. "ಅಯ್ಯ ನಮ್ಮವ್ವ! ಮಂದಿ ಎಂಜಿನ್ನಿಗೆ ವಿಭೂತಿ, ಕುಂಕುಮ ಹಚ್ತಾರ. ಇದಕ್ಕ ಎಂಜಿನ್ ಇಲ್ಲಲ್ರಿ. ಖಂಡೇ ಪೂಜಿ, ಅಂದ್ರ ನಿಮ್ಮ ಆಯುಧಪೂಜಿ ದಿನ ಉಣ್ಣೋ ಬಾಯಿಗೆ ಹಚ್ಚಿದೆ!"

ಕೀಲಿ ಚಾಚಿದೆ. ಅವರು ಸೆರಗು ಸಿಕ್ಕಿಸಿಕೊಂಡು ಹತ್ತಿ, ಕ್ರಾಸಿನ ತುದಿಯವರೆಗೂ ಹೋಗಿ ಮರೆಯಾದರು. ಬಹಳ ಹೊತ್ತು ಬರಲಿಲ್ಲ. ನನ್ನ ಮಂಡಿ ನೋಯುತ್ತಿತ್ತು. ಕೊನೆಗೆ ಬಂದರು. ಕೂದಲು ಕೆದರಿತ್ತು, ಮುಖವೆಲ್ಲ ನಗು.

"ಬೇಕಾದ್ರೆ ವಾಪಸ್ ಇಟ್ಕೊಳ್ಳಿ," ಎಂದೆ.

ಅವರು ಮೇಲಿನ ಬಾಲ್ಕನಿಯತ್ತ ಒಮ್ಮೆ ನೋಡಿದರು. ಅಲ್ಲಿ ಅವರ ಯಜಮಾನರ ಅಂಗಿ ಒಣಗುತ್ತಿತ್ತು. "ಬ್ಯಾಡ್ರಿ. ಇದು ಕೆಟ್ಟಿತಂತನ ಅವ್ರು ಬೈಕ್ ತೊಗೊಂಡಾರ. ಈಗ ಇದನ್ನ ಇಟ್ಕೊಂಡ್ರ ಮನ್ಯಾಗ ಮಾತು ಬೆಳೀತದ. ನೀವ ಓಡಸ್ರಿ."

ನನಗೆ ಸಮಾಧಾನವಾಯಿತು. ಅದನ್ನು ಮುಚ್ಚಿಡಲು ಆಗದೆ ಥ್ಯಾಂಕ್ಸ್ ಎಂದು ಎರಡು ಸಲ ಹೇಳಿದೆ. ಕ್ರಾಸಿನ ತಿರುವಿನಲ್ಲಿ ಕಾಲು ಊರಿ ಹಿಂದೆ ನೋಡಿದೆ. ಮಹಾದೇವಿ ಗೇಟಿನಲ್ಲೇ ನಿಂತಿದ್ದರು. ನಾನು ಕೈ ಬೀಸಿದೆ. ಅವರು ಬೀಸಲಿಲ್ಲ, ಗಾಡಿಯನ್ನೇ ನೋಡುತ್ತಿದ್ದರು.