ಐ ಇರಬೇಕಾದಲ್ಲಿ ಜೆ

ಆ ಮುದ್ರೆ ಒತ್ತಿದ್ದು ನಾನು, ದಾಮಣ್ಣ. ನೀವಲ್ಲ, ನಿಮಗೆ ಆ ಕಾಗದ ಕೊಟ್ಟ ಅಮೆರಿಕದವನೂ ಅಲ್ಲ, ಏಸಿಯ ನೀರು ಬಿದ್ದು ತಾನಾಗಿ ಎದ್ದು ಬಂದದ್ದೂ ಅಲ್ಲ. ಹಿಲ್ಡಾ — ನಮ್ಮ ಕ್ರಿಸ್ತುವ ಹೆಂಗಸರನ್ನು ಕರೆಯುವ ಹಾಗೆ ನೀವು ಬಾಯಿ, ಬಾಯಿ ಎಂದು ಕರೆಯುತ್ತಿದ್ದ ಈ ಹಿಲ್ಡಾ — ದುಬೈಯ ಕರಾಮದ ನಮ್ಮ ಮನೆಯ ಊಟದ ಮೇಜಿನ ಮೇಲೆ, ಪೂರ್ತಿ ಬುದ್ಧಿ ನೆಟ್ಟಗಿರುವಾಗಲೇ ಒತ್ತಿದೆ.

ಇಷ್ಟು ವರ್ಷವಾದ ಮೇಲೆ ಹೇಳಲು ನನಗೆ ಧೈರ್ಯ ಬಂತು ಎಂದುಕೊಳ್ಳಬೇಡಿ. ಬಂದದ್ದು ಹೆದರಿಕೆ. ನಿನ್ನೆ ನಿಮ್ಮ ತಂಗಿಯ ಮಗಳು ಉಡುಪಿಯಿಂದ ಫೋನ್ ಮಾಡಿದ್ದಳು. "ಮಾಮ ಆ ಕಾಗದದ ಪೆಟ್ಟಿಗೆ ತಂದು ಬಚ್ಚಲ ಒಲೆ ಹತ್ರ ಇಟ್ಟಿದ್ದಾರೆ ಆಂಟಿ. ದೀಪಾವಳಿಯ ಎಣ್ಣೆಸ್ನಾನಕ್ಕೆ ಅದನ್ನೇ ಉರಿಸ್ತೇನೆ ಅಂತಾರೆ. ನೀವು ಒಮ್ಮೆ ಹೇಳಿ ನೋಡಿ, ನೀವು ಹೇಳಿದ್ರೆ ಕೇಳ್ತಾರೆ." ನಾನು ಹೇಳಿದರೆ! ಫೋನ್ ಇಟ್ಟವಳೇ ಇದನ್ನು ಬರೆಯಲು ಕುಳಿತೆ.

ಸುಡಬೇಡಿ ದಾಮಣ್ಣ. ಇದನ್ನು ಪೂರ್ತಿ ಓದಿ, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ. ಇದನ್ನು ಬೇರೆಯವರೂ ಓದಬೇಕಾಗಿದೆ, ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದರಲ್ಲಿ ನಾವು ಗಂಡ ಹೆಂಡತಿ, ಮಗಳು; ಇನ್ನೊಂದರಲ್ಲಿ ಬಾಡಿಗೆ ಹಂಚಿಕೊಂಡ ನೀವು. ದುಬೈಯಲ್ಲಿ ಹಾಗೆಯೇ ತಾನೆ ಬಾಳುವೆ. ನೀವು ರಾಸ್ ಅಲ್ ಖೋರ್‌ನ ಬಿಡಿಭಾಗದ ಗೋದಾಮಿನಲ್ಲಿ ಸ್ಟೋರ್ ಕೀಪರ್. ನಾನು ಮನೆಯಿಂದ ನಾಲ್ಕು ಹೆಜ್ಜೆ ದೂರದ ಟೈಪಿಂಗ್ ಸೆಂಟರಿನಲ್ಲಿ ವೀಸಾ ಅರ್ಜಿ ಟೈಪು ಮಾಡುವವಳು, ಜೊತೆಗೆ ಕಂಪೆನಿಗಳಿಗೆ ರಬ್ಬರ್ ಮೊಹರು ಮಾಡಿಕೊಡುವವಳು. ನಿಮ್ಮ ಗೋದಾಮಿನವರಿಗೆ ಕಾರು ಮಾರಿ ದೇಶ ಬಿಟ್ಟು ಹೊರಟ ಒಬ್ಬ ಅಮೆರಿಕದವನು ಡಿಕ್ಕಿಯಲ್ಲಿ ಒಂದು ತಗಡಿನ ಡಬ್ಬಿ ಮರೆತಿದ್ದ. ನೀವು ಅದನ್ನು ಹಿಡಿದುಕೊಂಡು ಅವನ ಮನೆ ಹುಡುಕಿ ಹೋದಿರಿ. ಅವನು ಖುಷಿಯಾಗಿ ಅದರೊಳಗಿನ ಒಂದು ಕಾಗದವನ್ನು ನಿಮಗೇ ಕೊಟ್ಟ. ಅಮೆರಿಕ ಇನ್ನೂ ಇಂಗ್ಲೆಂಡಿನ ಕೈಕೆಳಗಿದ್ದ ಕಾಲದ್ದು. ಅಂಚೆಚೀಟಿ ಇಲ್ಲ, ಲಕೋಟೆ ಇಲ್ಲ. ಕಾಗದವನ್ನೇ ಮಡಚಿ ಅರಗು ಹಾಕಿದ್ದು. ಅಲ್ಲಿಂದ ಹಿಡಿಯಿತು ನಿಮಗೆ ಹುಚ್ಚು.

"ನೋಡಿ ಬಾಯಿ, ದೇಶ ಹುಟ್ಟುವ ಮೊದಲೇ ಅಂಚೆ ಹುಟ್ಟಿದೆ ಮಾರಾಯ್ರೆ," ಎಂದು ಚಾ ತಣ್ಣಗಾಗುವವರೆಗೆ ಹೇಳುತ್ತಿದ್ದಿರಿ. ಮೂಲೆಯಲ್ಲಿ ಶಾಯಿಯಿಂದ ಗೀಚಿದ್ದು ಅಂಚೆಯ ದರ, ಅದನ್ನು ಬೆಳ್ಳಿಯ ತೂಕದಲ್ಲಿ ಬರೆಯುತ್ತಿದ್ದರು, ಕೊಡಬೇಕಾದದ್ದು ಕಾಗದ ಪಡೆದವನು. ಇದು ಹಡಗಿನ ಕ್ಯಾಪ್ಟನ್ ಕೈಯಲ್ಲಿ ಬಂದದ್ದು — ನಮ್ಮವರು ರಜೆಗೆ ಹೊರಟವರ ಕೈಯಲ್ಲಿ ಮನೆಗೆ ಕಾಗದ ಕಳಿಸುತ್ತಿದ್ದ ಹಾಗೆ. ಒಂದೊಂದೇ ಕಾಗದ ಅಲ್ಲಿಂದ ಇಲ್ಲಿಂದ ತರಿಸಿ ಕೂಡಿಸಿದಿರಿ. ಹೆಂಡತಿ ತೀರಿಹೋದ ಮೇಲೆ ನಿಮಗೆ ಇದ್ದದ್ದು ಅದೊಂದೇ ಮಾತು. ಆದರೆ ನಿಮಗೆ ಬೇಕಾಗಿದ್ದ, ಆ ಕಾಲದ ಅಂಚೆಯವರು ತಾರೀಖಿಗೆ ಒತ್ತುತ್ತಿದ್ದ ಒಂದು ಮುದ್ರೆ ಸಿಗಲೇ ಇಲ್ಲ: ಪುಟ್ಟ ವೃತ್ತ, ನಡುವೆ ಗೆರೆ, ಒಂದು ಅರ್ಧದಲ್ಲಿ ತಿಂಗಳ ಹೆಸರಿನ ಎರಡು ಅಕ್ಷರ, ಇನ್ನೊಂದರಲ್ಲಿ ದಿನ. ಅದರ ಚಿತ್ರವನ್ನು ನನಗೆ ಎಷ್ಟು ಸಲ ತೋರಿಸಿದ್ದೀರೋ.

ಒಂದು ದಿನ ನನ್ನ ಕೈಯಲ್ಲಿದ್ದ ಕಂಪೆನಿ ಮೊಹರನ್ನು ನೋಡಿ ನಕ್ಕಿರಿ. "ಇದೆಲ್ಲ ರಬ್ಬರ್ ಬಾಯಿ, ಉಳಿಯುವುದಿಲ್ಲ. ಆ ಕಾಲದವರ ಕೈಕೆಲಸ ನಿಮಗೆ ಬರ್ಲಿಕ್ಕುಂಟಾ?" ತಮಾಷೆಗೆ ಅಂದದ್ದು. ನನಗೆ ಮಾತ್ರ ಚುಚ್ಚಿತು. ಕೈಕೆಲಸದ ವಿಷಯದಲ್ಲಿ ನಾನು ಸ್ವಲ್ಪ ಜಂಬದವಳು, ನಿಮಗೆ ಗೊತ್ತು. ನಿಮ್ಮ ನಗುವಿಗೆ ಉತ್ತರವಾಗಿ ಆ ವೃತ್ತದ ಮೊಹರನ್ನು ರಬ್ಬರಿನಲ್ಲೇ ಮಾಡಿ ಚೀಲದಲ್ಲಿ ಇಟ್ಟುಕೊಂಡೆ. ಇಷ್ಟಕ್ಕೇ ನಿಲ್ಲಿಸಿದ್ದರೆ…

ನಿಲ್ಲಿಸಲಿಲ್ಲ. ನೀವು ಕೆಲಸಕ್ಕೆ ಹೋಗಿದ್ದಾಗ ನಿಮ್ಮ ಕೋಣೆಯ ಏಸಿ ಸೋರತೊಡಗಿತು. "ಮಮ್ಮಾ, ಅಂಕಲ್ಸ್ ರೂಮ್ ಈಸ್ ಲೀಕಿಂಗ್" ಎಂದು ಮಗಳು ಕೂಗಿದಳು. ಓಡಿಹೋಗಿ ನಿಮ್ಮ ಕಾಗದಗಳನ್ನು ಎತ್ತಿ ತಂದೆ. ನಿಜವಾಗಿ ಒದ್ದೆಯಾದದ್ದು ಒಂದೇ, ಆ ಅಮೆರಿಕದವನು ಕೊಟ್ಟದ್ದು. ಅದನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಹರಡಿದೆ. ಖಾಲಿ ಜಾಗ ಕಣ್ಣೆದುರು. ಶಾಯಿಗೆ ಚಾ ಡಿಕಾಕ್ಷನ್ ಬೆರೆಸಿ, ಒಂದು ಸಲ ಬೇರೆ ಕಾಗದದ ಮೇಲೆ ಒತ್ತಿ, ಎರಡನೆಯ ಸಲಕ್ಕೆ — ಒತ್ತಿದೆ. ನೀವು ಬಂದು ಬೆಚ್ಚಿಬೀಳಬೇಕು, ಎರಡು ನಿಮಿಷ ಆಟ ಆಡಿಸಬೇಕು, ಆಮೇಲೆ "ಹೇಗುಂಟು ರಬ್ಬರ್?" ಎಂದು ಕೇಳಬೇಕು. ಇನ್ನೂರು ವರ್ಷ ದಾಟಿ ಬಂದ ಕಾಗದಕ್ಕೆ ನನ್ನ ಎರಡು ನಿಮಿಷದ ಆಟ.

ಆ ಮೊಹರು ಮಾಡುವಾಗಲೇ ಒಂದು ತಿದ್ದುಪಡಿಯನ್ನೂ ಮಾಡಿದ್ದೆ. ನಿಮ್ಮ ಚಿತ್ರದಲ್ಲಿ ಜುಲೈಗೆ ಐ, ವೈ ಎಂದಿತ್ತು. ಜೆ ಸವೆದು ಐ ಆಗಿದೆ ಎಂದುಕೊಂಡೆ. ದಿನವಿಡೀ ಜನರ ಹೆಸರಿನ ಸ್ಪೆಲಿಂಗ್ ತಿದ್ದುವವಳು ನಾನು. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ವೀಸಾ ನಿಲ್ಲುತ್ತದೆ. ಕೈ ತಾನಾಗಿ ಸರಿಮಾಡಿತು. ಜೆ, ವೈ.

ಸಂಜೆ ನೀವು ಬಂದಿರಿ. ಮಸೂರ ಹಿಡಿದಿರಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಗು ತಡೆದು ನಿಂತಿದ್ದೆ. ನೀವು ನಗಲಿಲ್ಲ, ಕೇಳಲಿಲ್ಲ, ಕುರ್ಚಿ ಹಿಡಿದು ಕುಳಿತಿರಿ. "ಒದ್ದೆಯಾಗಿ ಮೇಲೆ ಬಂದಿದೆ ಬಾಯಿ. ಇಷ್ಟು ವರ್ಷ ನನ್ನ ಹತ್ರವೇ ಇತ್ತು… ನನಗೇ ಕಾಣ್ಲಿಲ್ಲ," ಎಂದಿರಿ. ಕಣ್ಣಲ್ಲಿ ನೀರು. ನಿಮ್ಮ ಹೆಂಡತಿ ಹೋದ ಸುದ್ದಿ ಬಂದ ದಿನವೂ ನಮ್ಮೆದುರು ಅಳದ ಮನುಷ್ಯ ನೀವು. ಆಗ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಮರುದಿನ ನೀವು ಕರಾಮದ ಹೋಟೆಲಿನಿಂದ ಎಲ್ಲರಿಗೂ ಗೋಳಿಬಜೆ ತಂದು ಹಂಚಿದಿರಿ. ಗೋಳಿಬಜೆ ತಿಂದ ಬಾಯಲ್ಲಿ ಹೇಗೆ ಹೇಳಲಿ ಎಂದುಕೊಂಡೆ. ಹೀಗೆ ಒಂದೊಂದು ದಿನಕ್ಕೂ ಒಂದೊಂದು ನೆಪ ಸಿಗುತ್ತಾ ಹೋಯಿತು.

ಆಮೇಲೆ ಅಬುಧಾಬಿ. ಹಳೆ ಅಂಚೆ ಸಂಗ್ರಹಿಸುವವರ ಪ್ರದರ್ಶನ. ನಿಮ್ಮ ವೀಸಾ ಮುಗಿದು ಊರಿಗೆ ಹೊರಡುವ ಮೊದಲು ಒಮ್ಮೆಯಾದರೂ ನಾಲ್ಕು ಜನ ತಿಳಿದವರು ನೋಡಲಿ ಎಂಬುದು ನಿಮ್ಮ ಆಸೆ. ನನ್ನನ್ನೂ ಒತ್ತಾಯದಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದಿರಿ, "ಕಾಗದ ಉಳಿಸಿದ್ದು ನೀವು" ಎಂದು. ಇಸ್ತ್ರಿ ಹಾಕಿದ ಬಿಳಿ ಅಂಗಿ ನಿಮ್ಮದು.

ಪರೀಕ್ಷಕನಾಗಿ ಬಂದಿದ್ದ ವಯಸ್ಸಾದ ಇಂಗ್ಲಿಷಿನವನು ನಿಮ್ಮ ಕಾಗದದ ಮೇಲೆ ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಮುಖ ಬೇರೆಯಾಗಿತ್ತು. ಆ ಕಾಲದ ಈ ಮುದ್ರೆಗಳಲ್ಲಿ ಜೆ ಬರುವುದಿಲ್ಲ, ಲ್ಯಾಟಿನ್ ರೂಢಿಯಂತೆ ಜೆ ಇರಬೇಕಾದಲ್ಲಿ ಐ ಹಾಕುತ್ತಿದ್ದರು, ಇದು ಈಚೆಗೆ ಯಾರೋ ಒತ್ತಿದ್ದು ಎಂದ. ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಕಾಗದ ಯಾರ ಕೈಯಲ್ಲಿತ್ತು ಎಂದು ಕೇಳಿದ.

ನೀವು ನನ್ನ ಕಡೆ ತಿರುಗಿದಿರಿ. ಎಷ್ಟು ನಂಬಿಕೆಯಿಂದ ತಿರುಗಿದಿರಿ. "ಹೇಳಿ ಬಾಯಿ. ಒಣಗಿಸಿದ್ದು ನೀವಲ್ವಾ? ಒಣಗುವಾಗ ಮೇಲೆ ಬಂದದ್ದಲ್ವಾ?"

ಸುಳ್ಳು ಮೊಹರು ಮಾಡಿದವರಿಗೆ ಈ ದೇಶದಲ್ಲಿ ಏನಾಗುತ್ತದೆ ಎಂದು ಆ ಕೆಲಸದವಳಾದ ನನಗೆ ಚೆನ್ನಾಗಿ ಗೊತ್ತಿತ್ತು. ಕೆಲಸ, ವೀಸಾ, ಮಗಳ ಶಾಲೆ — ಖಲಾಸ್. ಇದನ್ನು ನೆಪವಾಗಿ ಹೇಳುತ್ತಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ನನ್ನ ಬಣ್ಣ ಉಳಿಸಿಕೊಂಡೆ, ಅಷ್ಟೇ.

"ನನಗೆ ಗೊತ್ತಿಲ್ಲ ದಾಮಣ್ಣ. ನಾನು ನೋಡ್ಲಿಲ್ಲ," ಎಂದೆ.

ಪ್ರದರ್ಶನದವರು ಆ ಒಂದನ್ನು ಮಾತ್ರವಲ್ಲ, ನಿಮ್ಮ ಎಲ್ಲ ಕಾಗದಗಳನ್ನೂ ಪ್ರದರ್ಶನದಿಂದ ತೆಗೆಸಿದರು. ಅವೆಲ್ಲ ಅಪ್ಪಟ ಅಸಲಿ. ನನ್ನ ಒಂದು ಜೆ ಅವೆಲ್ಲವನ್ನೂ ಸುಳ್ಳು ಮಾಡಿತು. ವರ್ಷಗಟ್ಟಲೆ ಪತ್ರ ಬರೆದು ಪರಿಚಯವಾಗಿದ್ದವರು ಮುಖ ಬೇರೆ ಕಡೆ ತಿರುಗಿಸಿದರು. ಹಿಂದಿರುಗುವ ಬಸ್ಸಿನಲ್ಲಿ ನೀವು ನನ್ನ ಮೇಲೆ ಸಿಟ್ಟಾಗಲಿಲ್ಲ. ನಾನು ಇದ್ದದ್ದನ್ನೇ ಹೇಳಿದೆ ಎಂದು ನಂಬಿದ್ದಿರಿ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಆಡಿದಿರಿ: "ಅಷ್ಟು ದೊಡ್ಡ ಜೆ ನನಗೆ ಕಾಣ್ಲಿಲ್ಲ ಅಂದ್ರೆ, ಬೇರೆ ಎಷ್ಟು ಸುಳ್ಳನ್ನು ನಿಜ ಅಂತ ಇಟ್ಕೊಂಡಿದ್ದೇನೋ ಯಾರಿಗೆ ಗೊತ್ತು ಬಾಯಿ. ಇನ್ನು ನನ್ನ ಕಣ್ಣನ್ನು ನಾನು ನಂಬುವ ಹಾಗಿಲ್ಲ."

ನಿಮ್ಮ ಹೆಸರು ಕೆಡಿಸಿದ್ದಕ್ಕಿಂತ ಇದು ದೊಡ್ಡ ಪಾಪ. ನಿಮ್ಮ ಕಣ್ಣಿನ ಮೇಲೆ ನಿಮಗಿದ್ದ ನಂಬಿಕೆಯನ್ನು ನಾನು ಕಿತ್ತುಕೊಂಡೆ, ಆಮೇಲೆ ಪಕ್ಕದಲ್ಲೇ ಕುಳಿತು ನೀರಿನ ಬಾಟಲಿ ಕೊಟ್ಟೆ.

ಅಂದು ಸಂಜೆ ಮನೆಯಲ್ಲಿ ಜಪಮಾಲೆ ಹಿಡಿದು ದೇವರ ಮುಂದೆ ಮೊಣಕಾಲೂರಿದೆ. ಶಿಲುಬೆಯ ತುದಿಯ ಪುಟ್ಟ ಹಲಗೆಯ ಮೇಲೆ ಐ ಎನ್ ಆರ್ ಐ. ಹುಟ್ಟಿದಾಗಿನಿಂದ ನೋಡಿದ್ದು. ಇದು ಲ್ಯಾಟಿನ್, ಜೀಸಸ್ ಹೆಸರಿನ ಜೆ ಇರಬೇಕಾದಲ್ಲಿ ಐ ಬರುತ್ತದೆ ಎಂದು ನಮ್ಮೂರು ಶಿರ್ವದ ಇಗರ್ಜಿಯಲ್ಲಿ ಸಿಸ್ಟರ್ ಕಲಿಸಿದ್ದು ಬಾಯಿಪಾಠ ಇತ್ತು. ನಿಮಗೆ ಅದು ಗೊತ್ತಿರಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ದಿನಾ ಕೈಮುಗಿಯುವ ಅಕ್ಷರವನ್ನೇ ತಿದ್ದಿದವಳು ನಾನು. ಜಪಮಾಲೆ ಮುಗಿಸಲಾಗಲಿಲ್ಲ. ಈಗಲೂ ಆ ಹಲಗೆಯ ಕಡೆ ನೋಡದೆ ಪ್ರಾರ್ಥಿಸುತ್ತೇನೆ.

ನೀವು ಊರಿಗೆ ಹೋದಿರಿ. ಪ್ರತಿ ಕ್ರಿಸ್ಮಸಿಗೆ ನೀವೇ ಫೋನ್ ಮಾಡಿ "ಹೇಗಿದ್ದೀರಿ ಬಾಯಿ?" ಎಂದು ಕೇಳುತ್ತೀರಿ. ಆ ಕರೆ ಬಂದಾಗಲೆಲ್ಲ ನನಗೆ ಸತ್ತುಹೋಗೋಣ ಅನ್ನಿಸುತ್ತದೆ. ಪಾದ್ರಿಗಳ ಹತ್ತಿರ ಹೇಳಿದೆ; ಅವರು ದೇವರ ಕ್ಷಮೆ ಕೊಟ್ಟರು, ಜೊತೆಗೆ ನಿಮ್ಮ ಹತ್ತಿರ ಹೋಗು ಎಂದೂ ಹೇಳಿದರು. ಕ್ಷಮೆ ತೆಗೆದುಕೊಂಡೆ, ನಿಮ್ಮ ಹತ್ತಿರ ಬರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ನೀವು.

ದಾಮಣ್ಣ, ನಿಮ್ಮ ಕಣ್ಣು ತಪ್ಪಲಿಲ್ಲ. ಪೆಟ್ಟಿಗೆಯಲ್ಲಿರುವ ಒಂದೊಂದನ್ನೂ ನೀವು ಸರಿಯಾಗಿಯೇ ಓದಿದ್ದೀರಿ. ಆ ಒಂದರ ಮೇಲೂ ಬೆಳ್ಳಿಯ ತೂಕ ನಿಜ, ಅರಗು ನಿಜ, ಕೈಬರಹ ನಿಜ. ಸುಳ್ಳು ಇರುವುದು ನನ್ನ ವೃತ್ತದಷ್ಟು ಜಾಗದಲ್ಲಿ ಮಾತ್ರ.

ಇದರ ಇಂಗ್ಲಿಷ್ ಪ್ರತಿಯನ್ನು ನಾನೇ ಟೈಪು ಮಾಡಿ, ಇಂದು ಬೆಳಿಗ್ಗೆ ಆ ಪ್ರದರ್ಶನ ನಡೆಸಿದವರ ಕೈಗೆ ಕೊಟ್ಟು ಬಂದೆ. ಗಂಡನಿಗೂ ಮಗಳಿಗೂ ಹೇಳಿದ್ದೇನೆ. ಮಗಳು "ವೈ ನೌ, ಮಮ್ಮಾ?" ಎಂದಳು. ಇನ್ನು ಏನಾಗುತ್ತದೋ ಆಗಲಿ.

ಆ ಮೊಹರನ್ನು ಎಸೆಯಲು ಎಷ್ಟೋ ಸಲ ಹೊರಟಿದ್ದೆ, ಆಗಲಿಲ್ಲ. ಹೊಲಿಗೆ ಡಬ್ಬಿಯ ತಳದಲ್ಲಿ ಹಾಗೇ ಇತ್ತು. ರಬ್ಬರ್ ಉಳಿಯುವುದಿಲ್ಲ ಎಂದಿದ್ದಿರಲ್ಲ, ಉಳಿದಿದೆ. ಎರಡೂ ಪ್ರತಿಗಳ ಕೆಳಗೆ ನನ್ನ ಸಹಿ ಮಾಡಿ, ಪಕ್ಕದಲ್ಲಿ ಅದನ್ನೇ ಒತ್ತಿದ್ದೇನೆ. ಪೆಟ್ಟಿಗೆ ತೆರೆಯಿರಿ, ಮಸೂರ ತೆಗೆದುಕೊಳ್ಳಿ, ಆ ಅಮೆರಿಕದವನ ಕಾಗದವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಕಣ್ಣಿಂದಲೇ ನೋಡಿ.