ಎರಡು ಸೈಟಿನ ತಿಮಿಂಗಿಲ

ಬೆಳಿಗ್ಗೆ ಸಂಪಿನಿಂದ ನೀರು ಏರಿಸಿದೆ. ಸಾರಕ್ಕಿ ಮಾರ್ಕೆಟ್ಟಿನಿಂದ ತಂದ ಅವರೆಕಾಯಿ ಸುಲಿದು ಕಾಳು ನೆನೆಹಾಕಿದೆ. ಇಸ್ತ್ರಿಗೆ ಬಟ್ಟೆ ಕೊಟ್ಟೆ. ಆಮೇಲೆ ರಂಗೋಲಿ ಪುಡಿಯ ಬಕೆಟ್ ಹಿಡಿದು ಅತ್ತೆಯವರ ಹಿಂದೆ ರಸ್ತೆಯುದ್ದಕ್ಕೂ ನಡೆದೆ.

ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಅವರ ಬಲ ಮಣಿಕಟ್ಟು ಮುರಿದಿತ್ತು. ಕಟ್ಟು ಬಿಚ್ಚಿದ ಮೇಲೂ ಊಟಕ್ಕೆ ಚಮಚವೇ ಆಗಬೇಕಿತ್ತು. ಬಾಗಿಲ ಮುಂದೆ ನಾನು ರಂಗೋಲಿ ಪುಡಿಯ ತೂತಿನ ಡಬ್ಬಿ ಕುಟ್ಟಿ ಅಚ್ಚಿನ ಹೂವು ಬೀಳಿಸುತ್ತಿದ್ದೆ. ಅವರು ನೋಡಿ ಒಳಗೆ ಹೋಗುತ್ತಿದ್ದರು. ಇನ್ನು ಈ ಕೈಗೆ ರಂಗೋಲಿ ಬರುವುದಿಲ್ಲ ಎಂದು ಒಮ್ಮೆ ನನ್ನ ಹತ್ತಿರ ಮಾತ್ರ ಹೇಳಿದ್ದರು.

ಹೈಸ್ಕೂಲಿನಲ್ಲಿರುವ ನನ್ನ ಮಗಳು ಕೋಟ್ಯಂತರ ವರ್ಷಗಳ ಹಿಂದಿನ ತಿಮಿಂಗಿಲವೊಂದರ ಬಗ್ಗೆ ಓದಿ, ಅದನ್ನು ನಿಜವಾದ ಅಳತೆಯಲ್ಲಿ ಮನೆ ಮುಂದೆ ರಂಗೋಲಿಯಾಗಿ ನೋಡಲೇಬೇಕೆಂದು ಹಟ ಹಿಡಿದಿದ್ದಳು. ಹದಿನೆಂಟು ಮೀಟರ್ ಎಂದಾಗ ನಮಗೇನೂ ಅನಿಸಲಿಲ್ಲ. ಮೂವತ್ತು-ನಲವತ್ತು ಅಡಿಯ ಎರಡು ಸೈಟಿನ ಮುಂಭಾಗ ಎಂದಾಗ ಬಾಯಿಬಿಟ್ಟೆವು. ಅಂದರೆ ಅರ್ಧ ಪಕ್ಕದ ಮನೆ ಗೇಟಿನ ಮುಂದೆ. ಇನ್ನೊಬ್ಬರ ಬಾಗಿಲಿಗೆ ನಾವು ರಂಗೋಲಿ ಎಳೆಯುವಂತಿಲ್ಲವೆಂದು ಕೇಳಲು ಹೋದೆ. ಈ ಬಡಾವಣೆಯೆಲ್ಲ ಹೊಲವಾಗಿದ್ದಾಗಿನಿಂದ ಇಲ್ಲೇ ಇರುವ ಮನೆತನದ, ಆ ಪಕ್ಕದ ಮನೆ ಆಂಟಿ ಯೋಚಿಸಿ ಹೇಳಿದರು: "ಬರ್ಲಿ. ಆದ್ರೆ ನಮ್ಮ ಗೇಟಿಗೆ ಬಾಲ ಬ್ಯಾಡ, ತಲೆ ನಮ್ಮ ಕಡೆ ಇರ್ಲಿ."

ಮೊದಲು ನಾನೇ ಶುರುಮಾಡಿದೆ. ಕೈಗೆ ಬಂದದ್ದು ರಂಗೋಲಿಯ ಮೀನೇ, ಮೈತುಂಬ ಹುರುಪೆ, ನೆಟ್ಟನೆಯ ಬಾಲ. ಮಗಳು ಹಣೆ ಚಚ್ಚಿಕೊಂಡಳು. ತಿಮಿಂಗಿಲ ಮೀನಲ್ಲ, ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡಿ, ತಲೆಮಾರುಗಳು ಕಳೆದಂತೆ ನೀರಿಗಿಳಿದವು. ಓಡುವ ನಾಯಿಯ ಬೆನ್ನಿನಂತೆ ಇದರ ಬೆನ್ನೂ ಮೇಲೆ ಕೆಳಗೆ ಬಾಗುತ್ತದೆ, ಅದಕ್ಕೇ ಬಾಲ ಅಡ್ಡಕ್ಕೆ ಹರಡಿರುತ್ತದೆ. ಈ ಹಳೆಯ ತಿಮಿಂಗಿಲಕ್ಕಂತೂ ಮೊಳದುದ್ದದ ಹಿಂಗಾಲು ಇನ್ನೂ ಉಳಿದಿದ್ದವು, ಬೆರಳಿನ ಸಮೇತ, ಎಂದಳು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಯವರಿಗೆ ತಡೆಯಲಾಗಲಿಲ್ಲ. "ಹಂಗಾದ್ರೆ ಕಾಗೆ ಮೇಲಿಂದ ನೋಡ್ದಂಗೆ ಬಿಡಿಸ್ಬೇಕು ಕಣೇ. ಸರಿ ಆ ಕಡೆ," ಎಂದು ಎದ್ದು ಬಂದು ಪುಡಿಗೆ ಕೈ ಹಾಕಿದರು.

ಆಂಟಿಯ ಗೇಟಿನ ಮುಂದೆ ಗೆರೆ ನಡುಗಿತು, ಮೂತಿ ಸ್ವಲ್ಪ ಸೊಟ್ಟಗಾಯಿತು. ಹೊಟ್ಟೆಯ ಹತ್ತಿರ ಪುಡಿ ಗುಡ್ಡೆಯಾಗಿ ಬಿತ್ತು. ಅವರು ಮಣೆ ಹಾಕಿಸಿಕೊಂಡು ಕೂತು, ಮಣಿಕಟ್ಟು ನೀವಿಕೊಂಡು ಮತ್ತೆ ಹೊರಟರು. ಬಾಲ ಮುಗಿಯುವ ಹೊತ್ತಿಗೆ ಗೆರೆ ಹಿಂದಿನ ಹಾಗೇ ಸಣ್ಣಗೆ ಬರುತ್ತಿತ್ತು. ಉಳಿದದ್ದು ಹಿಂಗಾಲುಗಳು. ಬೆರಳು ಬಿಡಿಸುವುದೇ ಕಷ್ಟ. ಆಂಟಿಗೆ ಅವರ ಕೈ ನೋಡಿ ಅಯ್ಯೋ ಎನಿಸಿರಬೇಕು, ಈಜುವ ಪ್ರಾಣಿಗೆ ಅಷ್ಟು ಪುಟ್ಟ ಕಾಲು ಯಾಕೆ, ಬಿಟ್ಟುಬಿಡಿ ಎಂದರು.

ಅತ್ತೆಯವರು ತಲೆ ಎತ್ತಲಿಲ್ಲ. "ತಲೆ ನೀವ್ ತಗೊಂಡ್ರಿ. ಕಾಲು ನಮ್ಮ ಪಾಲಿಗೆ ಬಂದಿರೋದು, ಬಿಡಕ್ಕಾಗಲ್ಲ."

ಎರಡೂ ಕಾಲಿನ ಬೆರಳುಗಳು ಒಂದೊಂದೇ ಮೂಡಿದವು. ನಾನು ಬಕೆಟ್ ಕೆಳಗಿಟ್ಟು ಮಹಡಿಗೆ ಓಡಿ ಮೇಲಿನಿಂದ ನೋಡಿದೆ. ಬೀದಿಯ ಮಕ್ಕಳೆಲ್ಲ ಅದರ ಹೊಟ್ಟೆಯೊಳಗೆ ನಿಂತಿದ್ದರು. ನಮ್ಮತ್ತೆ ಹಾಕಿದ್ದು ಎಂದು ಎದುರು ಮನೆಯವರಿಗೆ ಅಲ್ಲಿಂದಲೇ ಕೂಗಿ ಹೇಳಿದೆ.

ರಾತ್ರಿ ಹಿತಕಿದ ಬೇಳೆ ಸಾರು, ಮುದ್ದೆ. ಅತ್ತೆಯವರು ಚಮಚ ಪಕ್ಕಕ್ಕೆ ಸರಿಸಿ ಕೈಯಲ್ಲೇ ಮುರಿದು ತಿಂದರು. ಇಷ್ಟು ದಿನ ನೋವಿಗೆ ಎಲ್ಲರಿಗಿಂತ ಕೊನೆಗೆ ನಿದ್ದೆ ಹೋಗುತ್ತಿದ್ದವರು, ಅವತ್ತು ಎಲ್ಲರಿಗಿಂತ ಮೊದಲು ಮಲಗಿದರು.